ಅವಳು ಕೂತರೆ ಮಾತ್ರ ಆರುವ ಲ್ಯಾಪ್‌ಟಾಪ್

ನಮ್ಮೂರ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ಟೈಲರ್ ಅಂಗಡಿಯಿದೆ. ನಾನು ಮೇಷ್ಟ್ರಾಗಿ ಸೇರಿದ ವರ್ಷ ಹತ್ತನೇ ತರಗತಿಯಲ್ಲಿದ್ದವನು. ಈಗ ಅವನ ತಲೆಯೂ ನರೆತಿದೆ. ಅವನ ಮಗಳು ಇಂಜಿನಿಯರಿಂಗ್ ಕಡೆಯ ವರ್ಷದಲ್ಲಿದ್ದಾಳೆ. ಅವಳಿಗಾಗಿ ಸೊಸೈಟಿಯಲ್ಲಿ ಸಾಲ ಮಾಡಿ 52 ಸಾವಿರ ರೂಪಾಯಿಯ ಲ್ಯಾಪ್‌ಟಾಪ್ ತಂದಿದ್ದ. ತಂದ ಆರನೆಯ ದಿನ, ಒಂದು ಭಾನುವಾರ ಬೆಳಿಗ್ಗೆ, ಅದನ್ನು ಹೊಲಿಯಲು ಬಂದ ಬಟ್ಟೆಯಂತೆ ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದ. ಹಿಂದೆಯೇ ಮಗಳು. ಇಬ್ಬರ ಮುಖವೂ ಊದಿಕೊಂಡಿತ್ತು.

‘ಮೇಷ್ಟ್ರೇ, ಇದು ಇದ್ದಕ್ಕಿದ್ದಂತೆ ಆರಿಹೋಗುತ್ತಂತೆ. ಅಂಗಡಿಗೆ ಒಯ್ದೆ. ಅವರು ಅರ್ಧ ದಿನ ಇಟ್ಟುಕೊಂಡು, ಏನೂ ದೋಷ ಇಲ್ಲ ಅಂತ ವಾಪಸ್ ಕೊಟ್ಟರು. ನನ್ನ ಮಗ ಎರಡು ಗಂಟೆ ಆಟ ಆಡಿದ, ಆರಲಿಲ್ಲ. ನಾನು ಕೂತು ಲೆಕ್ಕ ಬರೆದೆ, ಆರಲಿಲ್ಲ. ಇವಳು ಕೂತರೆ ಮಾತ್ರ ಆರುತ್ತೆ. ಇವಳಿಗೆ ಪರೀಕ್ಷೆ ಬರೆಯೋ ಮನಸ್ಸಿಲ್ಲ, ಅಷ್ಟೇ.’

ಹುಡುಗಿ ನೆಲ ನೋಡುತ್ತ, ‘ಇಲ್ಲ ಸಾರ್’ ಎಂದಳು. ಮುಂದಿನ ಶನಿವಾರ ಅವಳಿಗೆ ಒಂದು ಕಂಪನಿಯ ನೇಮಕಾತಿ ಪರೀಕ್ಷೆ. ಮನೆಯಲ್ಲೇ ಕುಳಿತು ಕ್ಯಾಮೆರಾ ಮುಂದೆ ಬರೆಯಬೇಕು. ನಡುವೆ ಸಂಪರ್ಕ ಕಡಿದರೆ ಮತ್ತೆ ಅವಕಾಶವಿಲ್ಲ. ಅದಕ್ಕೆ ಮುಂಚಿನ ಅಭ್ಯಾಸ ಪರೀಕ್ಷೆಗಳಲ್ಲಿ ಎರಡು ಅರ್ಧಕ್ಕೇ ನಿಂತಿದ್ದವು. ದೋಷವಿರುವ ಮಾಲನ್ನು ಬದಲಿಸಿಕೊಳ್ಳಲು ಅಂಗಡಿಯವರು ಕೊಟ್ಟಿದ್ದ ಗಡುವು ಹತ್ತು ದಿನ. ಅದರಲ್ಲಿ ಉಳಿದದ್ದು ನಾಲ್ಕೇ ದಿನ.

ನಾನು ಗಣಕಯಂತ್ರದ ತಜ್ಞನಲ್ಲ. ಓದಿದ್ದು ಬಿ.ಎಸ್ಸಿ., ಬಿ.ಎಡ್. ಆದರೆ ಕಾರಣ ಹುಡುಕುವ ಕ್ರಮ ಎಲ್ಲ ಯಂತ್ರಕ್ಕೂ ಒಂದೇ. ಒಂದು ಬಾರಿಗೆ ಒಂದೇ ಸಂಗತಿಯನ್ನು ಬದಲಿಸಬೇಕು, ಉಳಿದದ್ದನ್ನೆಲ್ಲ ಇದ್ದ ಹಾಗೇ ಇಡಬೇಕು, ಆದದ್ದನ್ನು ಬರೆದಿಡಬೇಕು. ಮಕ್ಕಳಿಗೆ ಲೋಲಕದ ಪ್ರಯೋಗ ಮಾಡಿಸುವಾಗ ಹೇಳುವುದೂ ಇದನ್ನೇ. ದಾರದ ಉದ್ದ ಬದಲಿಸಿದ ದಿನ ಗುಂಡನ್ನು ಬದಲಿಸಬಾರದು.

ಹೊಸ ಲ್ಯಾಪ್‌ಟಾಪ್ ಹೇಳದೆ ಕೇಳದೆ ಆರಿಹೋಗಲು ಸಾಮಾನ್ಯವಾಗಿ ಇರುವ ಕಾರಣಗಳು ಬೆರಳೆಣಿಕೆಯಷ್ಟು. ಮೊದಲನೆಯದು ಶಾಖ. ಒಳಗಿನ ಪ್ರೊಸೆಸರ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಗಲೂ ಶಾಖ ಇಳಿಯದಿದ್ದರೆ ಸುಟ್ಟುಹೋಗುವುದಕ್ಕಿಂತ ಆರುವುದೇ ಲೇಸೆಂದು ಯಂತ್ರ ನಿಂತುಬಿಡುತ್ತದೆ. ಇದು ರೋಗವಲ್ಲ, ರಕ್ಷಣೆ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೋ ದಿಂಬಿನ ಮೇಲೋ ಇಟ್ಟುಕೊಂಡು ಕೆಲಸ ಮಾಡುವವರು ತಳದ ಗಾಳಿಕಿಂಡಿಗಳನ್ನು ತಾವೇ ಮುಚ್ಚಿರುತ್ತಾರೆ.

ಎರಡನೆಯದು ವಿದ್ಯುತ್ತು. ನಮ್ಮೂರಿನಲ್ಲಿ ಸಂಜೆ ಹೊತ್ತು ವೋಲ್ಟೇಜ್ ಇಳಿಯುವುದು ಹೊಸತಲ್ಲ. ಆದರೆ ಚಾರ್ಜರ್ ಮೇಲಿನ ಸಣ್ಣ ಅಕ್ಷರಗಳನ್ನು ಓದಿ: 100ರಿಂದ 240 ವೋಲ್ಟ್ ಎಂದಿರುತ್ತದೆ. 230 ಇರಬೇಕಾದ್ದು 190ಕ್ಕೆ ಇಳಿದರೂ ಅದಕ್ಕೆ ಲೆಕ್ಕವಿಲ್ಲ. ಕರೆಂಟು ಪೂರ್ತಿ ಹೋದರೂ ಬ್ಯಾಟರಿ ಹೊರೆ ಹೊರುತ್ತದೆ. ಹಾಗಾಗಿ ಹಳೆಯ ಮೇಜಿನ ಕಂಪ್ಯೂಟರಿನಂತೆ ಲ್ಯಾಪ್‌ಟಾಪ್ ಕರೆಂಟಿನ ಜೊತೆಗೇ ಆರಬಾರದು. ಆರಿದರೆ ಅನುಮಾನ ಮೂರನೆಯ ಕಾರಣದ ಮೇಲೆ, ಅಂದರೆ ಬ್ಯಾಟರಿಯ ಮೇಲೆ. ಬ್ಯಾಟರಿಯ ಕೋಶ ದುರ್ಬಲವಾಗಿದ್ದರೆ ಪರದೆಯಲ್ಲಿ 40 ಪ್ರತಿಶತ ಎಂದು ತೋರಿಸುತ್ತಿದ್ದರೂ, ಹೆಚ್ಚು ಪ್ರವಾಹ ಎಳೆದ ಕ್ಷಣದಲ್ಲಿ ಅದರ ವೋಲ್ಟೇಜ್ ಕುಸಿದು ಎಲ್ಲವೂ ಕತ್ತಲಾಗುತ್ತದೆ. ಹಳೆಯ ಸೆಲ್ ಹಾಕಿದ ಟಾರ್ಚು ಹೊತ್ತಿಸಿದ ಕೂಡಲೇ ಮಂಕಾಗುವುದಿಲ್ಲವೇ, ಹಾಗೆ.

ನಾಲ್ಕನೆಯದು ಸಾಗಣೆಯಲ್ಲಿ ಕುಲುಕಿ ಸಡಿಲವಾದ ಮೆಮೊರಿ ಹಲಗೆ ಅಥವಾ ತಂತಿಯ ಕೊಂಡಿ. ನಮ್ಮ ರಸ್ತೆಗಳ ಮೇಲೆ ನೂರಾರು ಕಿಲೋಮೀಟರ್ ಬಂದ ಪೆಟ್ಟಿಗೆಗೆ ಇದು ಆಗಬಾರದ್ದೇನಲ್ಲ. ಐದನೆಯದು ತಂತ್ರಾಂಶದ ತಕರಾರು.

ಆ ಭಾನುವಾರ ನಾವು ಒಂದೊಂದಾಗಿ ನೋಡುತ್ತ ಹೋದೆವು. ಮರದ ಮೇಜಿನ ಮೇಲಿಟ್ಟು, ಏಕಕಾಲಕ್ಕೆ ಹತ್ತಾರು ಕೆಲಸ ಹಚ್ಚಿ ಒಂದು ಗಂಟೆ ಓಡಿಸಿದೆ. ತಳ ಬಿಸಿಯಾಯಿತು, ಫ್ಯಾನು ಗುಂಯ್‌ಗುಟ್ಟಿತು, ಯಂತ್ರ ಆರಲಿಲ್ಲ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದೆ, ಆರಲಿಲ್ಲ. ಬ್ಯಾಟರಿಯ ವರದಿಯನ್ನು ಯಂತ್ರದಿಂದಲೇ ತೆಗೆಯಬಹುದು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ’ ಎಂಬ ಪದ, ಒಂದು ಖಾಲಿ ಜಾಗ, ಓರೆಗೀಟು, ಅದಕ್ಕೆ ಅಂಟಿಸಿ ‘ಬ್ಯಾಟರಿರಿಪೋರ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದರೆ, ಕಾರ್ಖಾನೆ ಹೇಳಿದ ಸಾಮರ್ಥ್ಯವೆಷ್ಟು, ಈಗ ತುಂಬುವುದೆಷ್ಟು ಎಂಬ ಲೆಕ್ಕ ಬರುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಇದ್ದವು. ವಿಂಡೋಸ್‌ನಲ್ಲೇ ಇರುವ ಮೆಮೊರಿ ಪರೀಕ್ಷೆಯನ್ನೂ ಮಾಡಿಸಿದೆ. ದೋಷ ಕಾಣಲಿಲ್ಲ.

‘ನೋಡಿದ್ರಾ ಮೇಷ್ಟ್ರೇ’ ಎಂದ ನನ್ನ ಶಿಷ್ಯ.

ಹುಡುಗಿಗೆ ಒಂದು ನೋಟುಪುಸ್ತಕ ಕೊಟ್ಟೆ. ‘ನೋಡಮ್ಮ, ಆರಿದಾಗೆಲ್ಲ ಬರಿ. ಗಂಟೆ ಎಷ್ಟು, ಎಲ್ಲಿ ಕೂತಿದ್ದೆ, ಚಾರ್ಜರ್ ಹಾಕಿತ್ತೋ ಇಲ್ಲವೋ, ಬ್ಯಾಟರಿ ಎಷ್ಟಿತ್ತು, ತಳ ಬಿಸಿಯಿತ್ತೋ, ನೀನು ಆಗ ಏನು ಮಾಡ್ತಿದ್ದೆ. ನಿನಗೆ ಕಾರಣ ಅನ್ನಿಸಿದ್ದನ್ನು ಬರೀಬೇಡ. ನಡೆದದ್ದನ್ನು ಮಾತ್ರ ಬರಿ’ ಎಂದೆ.

ಮಂಗಳವಾರ ಸಂಜೆ ಪುಸ್ತಕ ಬಂತು. ಎರಡು ದಿನದಲ್ಲಿ ಏಳು ಸಲ ಆರಿತ್ತು. ಚಾರ್ಜರ್ ಹಾಕಿದಾಗ ನಾಲ್ಕು, ಹಾಕದಾಗ ಮೂರು. ಬ್ಯಾಟರಿ ಒಮ್ಮೆ 82, ಒಮ್ಮೆ 35. ಬೆಳಗಿನ ತಂಪಿನಲ್ಲೂ ಆರಿತ್ತು, ಮಧ್ಯಾಹ್ನದ ಸೆಕೆಯಲ್ಲೂ ಆರಿತ್ತು. ಏಳರಲ್ಲಿ ಸಾಮಾನ್ಯವಾಗಿದ್ದುದು ಒಂದೇ. ಏಳು ಸಲವೂ ಅವಳು ಟೈಪ್ ಮಾಡುತ್ತಿದ್ದಳು. ಪಾಠದ ವಿಡಿಯೋ ನೋಡುವಾಗ ಒಮ್ಮೆಯೂ ಆರಿರಲಿಲ್ಲ. ಶಾಖ, ವಿದ್ಯುತ್ತು, ಬ್ಯಾಟರಿ ಮೂರನ್ನೂ ಆ ಒಂದು ಪುಟ ಹೊಡೆದುಹಾಕಿತು.

ಇನ್ನೊಂದು ಸಾಕ್ಷಿಯಿತ್ತು. ವಿಮಾನದಲ್ಲಿ ದಾಖಲೆ ಪೆಟ್ಟಿಗೆ ಇರುವಂತೆ ವಿಂಡೋಸ್ ಕೂಡ ಒಂದು ದಿನಚರಿ ಬರೆಯುತ್ತದೆ. ‘ಈವೆಂಟ್ ವ್ಯೂಯರ್’ ಎಂಬುದನ್ನು ತೆರೆದು ‘ವಿಂಡೋಸ್ ಲಾಗ್ಸ್’, ಅದರೊಳಗೆ ‘ಸಿಸ್ಟಮ್’ ನೋಡಬೇಕು. ಯಂತ್ರ ಹಠಾತ್ತನೆ ಸತ್ತಿದ್ದರೆ ಮುಂದಿನ ಸಲ ಎದ್ದಾಗ ‘ಕರ್ನಲ್-ಪವರ್ 41’ ಎಂಬ ದಾಖಲೆ ಬೀಳುತ್ತದೆ. ಹಿಂದಿನ ಸಲ ಸರಿಯಾಗಿ ಮುಚ್ಚದೆ ನಿಂತಿತು ಎಂಬುದಷ್ಟೇ ಅದರ ಅರ್ಥ. ಕಾರಣವನ್ನು ಅದು ಹೇಳುವುದಿಲ್ಲ, ಆದರೂ ದಾರಿ ತೋರಿಸುತ್ತದೆ. ನಮ್ಮ ಯಂತ್ರದಲ್ಲಿ 41 ಇರಲೇ ಇಲ್ಲ! ಆರಿದ ಏಳೂ ಹೊತ್ತಿಗೆ ಸರಿಯಾಗಿ, ಕ್ರಮವಾಗಿ ಮುಚ್ಚಿಕೊಂಡ ದಾಖಲೆಯಿತ್ತು. ಕಾರಣದ ಜಾಗದಲ್ಲಿ ‘ಗುಂಡಿ ಅಥವಾ ಮುಚ್ಚಳ’ ಎಂಬರ್ಥದ ಇಂಗ್ಲಿಷ್ ಪದಗಳು. ಅಂದರೆ ಯಂತ್ರ ತಾನಾಗಿ ಸತ್ತಿರಲಿಲ್ಲ. ಯಾರೋ ಅದಕ್ಕೆ ಮಲಗು ಎಂದಿದ್ದರು, ಅದು ವಿಧೇಯತೆಯಿಂದ ಮಲಗಿತ್ತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಈಗಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಪವರ್ ಗುಂಡಿಯನ್ನು ಕೀಲಿಮಣೆಯ ಮೂಲೆಯಲ್ಲಿ, ಡಿಲೀಟ್ ಕೀಲಿಯ ಪಕ್ಕದಲ್ಲೇ ಇಟ್ಟಿರುತ್ತಾರೆ. ಇದರಲ್ಲೂ ಹಾಗೇ ಇತ್ತು. ‘ನೀನೇ ಒತ್ತುತ್ತಿದ್ದೀಯಮ್ಮ, ನಿನಗೇ ಗೊತ್ತಾಗ್ತಿಲ್ಲ’ ಎಂದೆ. ಅಪ್ಪ ಹುಬ್ಬು ಹಾರಿಸಿ ಮಗಳನ್ನು ನೋಡಿದ. ಅವಳು ಅಳಲಿಲ್ಲ. ‘ಸಾರ್, ಅಳಿಸೋದಕ್ಕೆ ನಾನು ಡಿಲೀಟ್ ಒತ್ತೋದೇ ಇಲ್ಲ, ಬ್ಯಾಕ್‌ಸ್ಪೇಸ್ ಒತ್ತೋದು. ನೀವು ಬರೆದುಕೊಳ್ಳಿ’ ಎಂದಳು. ಕಾರಣ ಅನ್ನಿಸಿದ್ದನ್ನು ಬರೆಯಬೇಡ ಎಂದು ಅವಳಿಗೆ ಹೇಳಿದ್ದ ನಾನೇ, ನೋಡದೆ ತೀರ್ಪು ಕೊಟ್ಟಿದ್ದೆ.

ಮರುದಿನ, ಅಂದರೆ ಬುಧವಾರ, ಅವಳು ಕೂರುವ ಜಾಗದಲ್ಲೇ ನೋಡೋಣವೆಂದು ಶಾಲೆ ಬಿಟ್ಟ ಮೇಲೆ ಅವರ ಅಂಗಡಿಗೆ ಹೋದೆ. ಅವಳು ಓದುವುದು ಅಪ್ಪನ ಕಟಿಂಗ್ ಟೇಬಲ್ಲಿನ ಒಂದು ಅಂಚಿನಲ್ಲಿ. ಒಂದು ಕಡೆ ಬಟ್ಟೆಯ ಥಾನು, ಇನ್ನೊಂದು ಕಡೆ ಇಂಚುಟೇಪು, ಚಾಕ್‌ಪೀಸು, ಚೆಲ್ಲಿದ ಗುಂಡುಸೂಜಿಗಳು. ‘ಟೈಪ್ ಮಾಡಮ್ಮ, ಏನು ಬೇಕಾದರೂ ಮಾಡು’ ಎಂದು ಪಕ್ಕದ ಸ್ಟೂಲಿನಲ್ಲಿ ಕುಳಿತೆ. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಪರದೆ ಕಪ್ಪಾಯಿತು, ಸ್ವಲ್ಪ ಹೊತ್ತಿನಲ್ಲಿ ದೀಪವೂ ಆರಿತು. ನಾನು ನೋಡುತ್ತಲೇ ಇದ್ದೆ. ಅವಳ ಬೆರಳು ಪವರ್ ಗುಂಡಿಯ ಹತ್ತಿರವೂ ಇರಲಿಲ್ಲ.

ಅವಳು ಬೇಸರದಿಂದ ಎಡಗೈ ಎತ್ತಿ ಕೂದಲು ಹಿಂದಕ್ಕೆ ಸರಿಸಿಕೊಂಡಳು. ಆಗ ಅವಳ ಮಣಿಕಟ್ಟಿನ ಕೆಳಗೆ ಏನೋ ಮಿನುಗಿತು. ನೋಡಿದರೆ ಒಂದು ಗುಂಡುಸೂಜಿ, ವಾಚಿನ ಪಟ್ಟಿಗೆ ಅಂಟಿಕೊಂಡು ನೇತಾಡುತ್ತಿತ್ತು!

ಮೂವತ್ತಕ್ಕೂ ಹೆಚ್ಚು ವರ್ಷ ಅಯಸ್ಕಾಂತದ ಪಾಠ ಮಾಡಿದವನಿಗೆ ಅದಕ್ಕಿಂತ ಹೆಚ್ಚಿನ ಸೂಚನೆ ಬೇಕಿರಲಿಲ್ಲ. ಅದು ಅವಳ ಸೋದರಮಾವ ಕೊಡಿಸಿದ ವಾಚು. ಜಾಲರಿಯಂಥ ಉಕ್ಕಿನ ಪಟ್ಟಿ. ಅದಕ್ಕೆ ಬಕಲ್ ಇಲ್ಲ, ತುದಿಯಲ್ಲಿರುವ ಪುಟ್ಟ ಅಯಸ್ಕಾಂತವೇ ಪಟ್ಟಿಯನ್ನು ಹಿಡಿದುಕೊಳ್ಳುತ್ತದೆ. ಆ ತುದಿ ಬರುವುದು ಮಣಿಕಟ್ಟಿನ ಕೆಳಭಾಗಕ್ಕೆ, ಅಂದರೆ ಟೈಪ್ ಮಾಡುವಾಗ ಲ್ಯಾಪ್‌ಟಾಪಿನ ಮೇಲೆ ಊರುವ ಜಾಗಕ್ಕೇ.

ಅದಕ್ಕೂ ಯಂತ್ರ ಆರುವುದಕ್ಕೂ ಏನು ಸಂಬಂಧ? ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಾಗ ಪರದೆ ಆರುವುದನ್ನು ನೀವು ನೋಡಿದ್ದೀರಿ. ಮುಚ್ಚಿದ್ದು ಯಂತ್ರಕ್ಕೆ ತಿಳಿಯುವುದು ಹೇಗೆ? ಫ್ರಿಜ್ಜಿನ ಬಾಗಿಲಲ್ಲಿರುವಂಥ ಒತ್ತುಗುಂಡಿ ಇದರಲ್ಲಿ ಕಾಣುವುದಿಲ್ಲ. ಪರದೆಯ ಅಂಚಿನೊಳಗೆ ಒಂದು ಪುಟ್ಟ ಅಯಸ್ಕಾಂತವನ್ನು ಹುದುಗಿಸಿರುತ್ತಾರೆ. ಅದಕ್ಕೆ ಎದುರಾಗಿ, ನಾವು ಅಂಗೈ ಊರುವ ಜಾಗದ ಕೆಳಗೋ ಅದರ ಅಂಚಿನಲ್ಲೋ, ಕಾಂತಕ್ಷೇತ್ರವನ್ನು ಗುರುತಿಸುವ ಅಕ್ಕಿಕಾಳಿನಷ್ಟು ಚಿಕ್ಕ ಸಾಧನವಿರುತ್ತದೆ. ಮುಚ್ಚಳ ಹತ್ತಿರ ಬಂದಾಗ ಕಾಂತಕ್ಷೇತ್ರ ಬಲವಾಗುತ್ತದೆ, ಸಾಧನ ‘ಮುಚ್ಚಿತು’ ಎಂದು ಸುದ್ದಿ ಕಳಿಸುತ್ತದೆ. ಆದರೆ ಆ ಬಡಪಾಯಿಗೆ ಕಣ್ಣಿಲ್ಲ. ಹತ್ತಿರ ಬಂದ ಅಯಸ್ಕಾಂತ ಮುಚ್ಚಳದ್ದೋ ಸೋದರಮಾವನ ವಾಚಿನದ್ದೋ ಎಂಬುದು ಅದಕ್ಕೆ ತಿಳಿಯದು.

ಇಂಥ ಸಾಧನಗಳಲ್ಲಿ ಬಹಳಷ್ಟು ದುಡಿಯುವುದು ‘ಹಾಲ್ ಪರಿಣಾಮ’ ಎಂಬ ತತ್ವದ ಮೇಲೆ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಎಡ್ವಿನ್ ಹಾಲ್ ಎಂಬ ವಿದ್ಯಾರ್ಥಿ ತೆಳುವಾದ ಚಿನ್ನದ ರೇಕಿನಲ್ಲಿ ವಿದ್ಯುತ್ತು ಹರಿಸಿ, ಅದನ್ನು ಅಯಸ್ಕಾಂತದ ಧ್ರುವಗಳ ನಡುವೆ ಇಟ್ಟ. ಹರಿಯುವ ವಿದ್ಯುತ್ತು ಒಂದು ಮಗ್ಗುಲಿಗೆ ಒತ್ತಿದಂತಾಗಿ, ರೇಕಿನ ಎರಡು ಅಂಚುಗಳ ನಡುವೆ ಸೂಕ್ಷ್ಮವಾದ ವಿಭವಾಂತರ ಕಾಣಿಸಿತು. ಕಾಲುವೆಯ ನೀರನ್ನು ಅಡ್ಡಗಾಳಿ ಒಂದು ದಡಕ್ಕೆ ತಳ್ಳಿದಂತೆ ಎಂದು ಮಕ್ಕಳಿಗೆ ಹೇಳುತ್ತೇನೆ. ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ್ದು 1897ರಲ್ಲಿ. ರೇಕಿನೊಳಗೆ ಹರಿಯುತ್ತಿರುವುದು ಏನೆಂದೇ ತಿಳಿಯದ ಕಾಲದಲ್ಲಿ ಹಾಲ್ ಅದನ್ನು ಕಂಡಿದ್ದ. ಇಂದು ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರಿನಲ್ಲೂ, ಮುಚ್ಚಿದರೆ ಪರದೆ ಆರುವ ಮೊಬೈಲ್ ಕವಚದ ವ್ಯವಸ್ಥೆಯಲ್ಲೂ ಅವನ ಪ್ರಯೋಗದ ಫಲ ಕೆಲಸ ಮಾಡುತ್ತದೆ.

ಅಯಸ್ಕಾಂತದ ಪ್ರಭಾವ ದೂರ ಹೋದಂತೆ ಬಹಳ ಬೇಗ ಕುಗ್ಗುತ್ತದೆ. ಆದ್ದರಿಂದ ಮಣಿಕಟ್ಟು ಬೆರಳಿನಗಲ ಆಚೆ ಇದ್ದರೆ ಏನೂ ಇಲ್ಲ, ಸರಿಯಾಗಿ ಆ ಜಾಗಕ್ಕೆ ಬಂದರೆ ಕತ್ತಲು. ಕೆಲವೊಮ್ಮೆ ಹತ್ತು ನಿಮಿಷಕ್ಕೆ, ಕೆಲವೊಮ್ಮೆ ಎರಡು ಗಂಟೆಗೆ ಆರುತ್ತಿದ್ದುದರ ಗುಟ್ಟು ಇದೇ.

ಊಹೆ ಎಷ್ಟೇ ಚೆನ್ನಾಗಿದ್ದರೂ ಪ್ರಯೋಗಕ್ಕೆ ನಿಲ್ಲಬೇಕು. ಒಮ್ಮೆ ಆತುರಪಟ್ಟು ಕೈ ಸುಟ್ಟುಕೊಂಡಿದ್ದೆನಲ್ಲ! ವಾಚು ಬಿಚ್ಚಿಸಿ ಅರ್ಧ ಗಂಟೆ ಟೈಪ್ ಮಾಡಿಸಿದೆ, ಆರಲಿಲ್ಲ. ವಾಚು ಕಟ್ಟಿಸಿ, ಎಡ ಮಣಿಕಟ್ಟನ್ನು ಮೆಲ್ಲಗೆ ಸರಿಸಲು ಹೇಳಿದೆ. ಒಂದು ಜಾಗಕ್ಕೆ ಬಂದ ಕೂಡಲೇ ಆರಿತು. ಕೊನೆಗೆ ಅವಳ ಅಪ್ಪನನ್ನೇ ಕರೆದು, ‘ನೀನು ಕಟ್ಟಿಕೊಳ್ಳಪ್ಪ’ ಎಂದೆ. ಅವನು ಅನುಮಾನದಿಂದಲೇ ಮಗಳ ವಾಚು ಕಟ್ಟಿಕೊಂಡು ಅದೇ ಜಾಗದಲ್ಲಿ ಕೈ ಊರಿದ. ಅವನ ಕೈಯಡಿಯಲ್ಲೇ ಯಂತ್ರ ಆರಿತು. ಸ್ವಲ್ಪ ಹೊತ್ತು ಆ ಕಪ್ಪು ಪರದೆಯನ್ನೇ ನೋಡುತ್ತ ಕುಳಿತ. ‘ಅಂಗಡಿಗೆ ಒಯ್ದಾಗ ಇವಳನ್ನ ಕರಕೊಂಡು ಹೋಗಲಿಲ್ಲ ಮೇಷ್ಟ್ರೇ’ ಎಂದ. ಹೌದು, ಯಂತ್ರವನ್ನು ಒಯ್ದಿದ್ದ. ಕಾರಣ ಮನೆಯಲ್ಲೇ ಉಳಿದಿತ್ತು.

ಇನ್ನೂ ಒಂದು ಗಂಟು ಬಿಡಿಸುವುದಿತ್ತು. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಸಾಮಾನ್ಯವಾಗಿ ನಿದ್ದೆಗೆ ಹೋಗುತ್ತದೆಯೇ ಹೊರತು ಪೂರ್ತಿ ಆರುವುದಿಲ್ಲ. ಕೇಳಿದಾಗ ಹುಡುಗಿಯೇ ನೆನಪಿಸಿಕೊಂಡಳು. ಚೀಲದಲ್ಲಿಟ್ಟು ಕಾಲೇಜಿಗೆ ಒಯ್ಯುವಾಗ ಬ್ಯಾಟರಿ ಸೋರದಿರಲೆಂದು, ಗೆಳತಿಯ ಮಾತು ಕೇಳಿ ಮೊದಲ ದಿನವೇ ‘ಮುಚ್ಚಿದರೆ ಪೂರ್ತಿ ಆರಲಿ’ ಎಂದು ಬದಲಿಸಿದ್ದಳು. ಆ ಬದಲಾವಣೆಯಲ್ಲಿ ತಪ್ಪಿಲ್ಲ, ವಾಚಿನಲ್ಲೂ ತಪ್ಪಿಲ್ಲ. ತಪ್ಪಿಲ್ಲದ ಎರಡು ಸಂಗತಿಗಳು ಸೇರಿ ಒಂದು ತೊಂದರೆಯಾಗಿತ್ತು. ಕಂಟ್ರೋಲ್ ಪ್ಯಾನೆಲ್‌ನ ‘ಪವರ್ ಆಪ್ಷನ್ಸ್’ನಲ್ಲಿ, ಮುಚ್ಚಳ ಮುಚ್ಚಿದರೆ ಏನು ಮಾಡಬೇಕೆಂದು ಕೇಳುವ ಕಡೆ, ‘ಏನೂ ಮಾಡಬೇಡ’ ಎಂಬುದನ್ನು ಆರಿಸಿದೆವು. ಬ್ಯಾಟರಿಗೂ ಚಾರ್ಜರಿಗೂ ಬೇರೆ ಬೇರೆ ಸಾಲುಗಳಿವೆ, ಎರಡನ್ನೂ ಬದಲಿಸಬೇಕು. ಪರೀಕ್ಷೆ ಮುಗಿದ ಮೇಲೆ ಮರೆಯದೆ ‘ನಿದ್ದೆ’ಗೆ ತರಬೇಕು. ಇಲ್ಲದಿದ್ದರೆ ಯಂತ್ರ ಮುಚ್ಚಿದ ಚೀಲದೊಳಗೆ ಓಡುತ್ತಲೇ ಇದ್ದು ಕಾದುಹೋಗುತ್ತದೆ.

ನಿಮ್ಮ ಮನೆಯಲ್ಲಿ ಹೊಸ ಲ್ಯಾಪ್‌ಟಾಪ್ ಹೀಗೆ ಆರುತ್ತಿದ್ದರೆ ಮೊದಲು ಮುಖ್ಯ ಕಡತಗಳನ್ನು ಬೇರೆ ಕಡೆ ನಕಲು ಮಾಡಿಡಿ. ಬದಲಿಸಿಕೊಳ್ಳುವ ಗಡುವು ಎಂದಿಗೆ ಎಂಬುದನ್ನು ಬಿಲ್ಲಿನಲ್ಲಿ ನೋಡಿ, ಅಷ್ಟರೊಳಗೆ ಲಿಖಿತವಾಗಿ ದೂರು ಕೊಡಿ. ಎರಡು ದಿನ ದಿನಚರಿ ಬರೆಯಿರಿ. 41 ಎಂಬ ದಾಖಲೆ ಮತ್ತೆ ಮತ್ತೆ ಬೀಳುತ್ತಿದ್ದರೆ, ಗಾಳಿಯಾಡುವ ಗಟ್ಟಿ ಮೇಜಿನ ಮೇಲೂ ಆರುತ್ತಿದ್ದರೆ, ನೀವು ಬಿಚ್ಚಲು ಹೋಗಬೇಡಿ. ಗ್ಯಾರಂಟಿಗೆ ತೊಡಕಾದೀತು, ಆ ಯಂತ್ರವನ್ನು ಬದಲಿಸಿಕೊಡಿ ಎಂದು ಕೇಳುವುದೇ ಸರಿ. ಬ್ಯಾಟರಿ ಉಬ್ಬಿದಂತೆ ಕಂಡರಂತೂ ಚಾರ್ಜರ್ ಕಿತ್ತು, ಬಳಸುವುದನ್ನು ಕೂಡಲೇ ನಿಲ್ಲಿಸಿ. ಕ್ರಮವಾಗಿ ಆರಿದ ದಾಖಲೆಯಿದ್ದರೆ ವಾಚು, ಬಳೆ, ಮೊಬೈಲ್ ಕವರು, ಕೆಳಗೆ ಇಟ್ಟಿರುವ ಇನ್ನೊಂದು ಲ್ಯಾಪ್‌ಟಾಪು ಇವುಗಳಲ್ಲಿ ಎಲ್ಲಾದರೂ ಅಯಸ್ಕಾಂತ ಇದೆಯೇ ನೋಡಿ. ಅದಕ್ಕೆ ಒಂದು ಗುಂಡುಸೂಜಿ ಸಾಕು. ದುರಸ್ತಿಗೆ ಒಯ್ಯುವಾಗ ಯಂತ್ರವನ್ನು ಬಳಸುವವರನ್ನೂ ಕರೆದೊಯ್ಯಿರಿ.

ಈ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸುಳಿವು ಮೊದಲ ದಿನವೇ ನನ್ನ ಶಿಷ್ಯನ ಬಾಯಲ್ಲಿ ಬಂದಿತ್ತು: ‘ಇವಳು ಕೂತರೆ ಮಾತ್ರ ಆರುತ್ತೆ.’ ಅವನು ಕಂಡದ್ದು ಅಕ್ಷರಶಃ ನಿಜ. ಅದರಿಂದ ಅವನು ಮಾಡಿದ ತೀರ್ಮಾನ ಸುಳ್ಳು. ‘ಹಾಗಾದರೆ ಇವಳು ಕೂತಾಗ ಬೇರೆ ಏನಿದೆ?’ ಎಂದು ಕೇಳಬೇಕಾದ ಜಾಗದಲ್ಲಿ ಅವನು ಮಗಳನ್ನು ಬೈದ, ನಾನು ಗುಂಡಿಯ ಕತೆ ಹೇಳಿದೆ. ತರಗತಿಯಲ್ಲೂ ಮಗುವೊಂದು ‘ನನಗೆ ಮಾತ್ರ ಹೀಗಾಗುತ್ತೆ ಸಾರ್’ ಎಂದಾಗ ಎಷ್ಟು ಸಲ ಹೀಗೇ ಮಾಡಿದ್ದೇನೋ ಎಂದು ಆ ಸಂಜೆ ಮನೆಗೆ ನಡೆಯುತ್ತ ಅನ್ನಿಸಿತು.

ಹುಡುಗಿಯ ಹತ್ತಿರ ತಪ್ಪಾಯಿತಮ್ಮ ಎಂದೆ. ‘ಪರವಾಗಿಲ್ಲ ಸಾರ್’ ಎಂದಳು. ಶನಿವಾರ ಅವಳು ಬರಿಗೈಯಲ್ಲಿ ಕುಳಿತು ಪರೀಕ್ಷೆ ಬರೆದಳು. ಅಷ್ಟು ಹೊತ್ತೂ ಅಪ್ಪ ಹೊಲಿಗೆ ಯಂತ್ರ ತುಳಿಯದೆ ಅಂಗಡಿಯ ಹೊರಗೆ ಕಟ್ಟೆಯ ಮೇಲೆ ಕೂತಿದ್ದನಂತೆ, ಮಗಳ ವಾಚನ್ನು ಜೇಬಿನಲ್ಲಿಟ್ಟುಕೊಂಡು. ಯಂತ್ರ ಒಮ್ಮೆಯೂ ಆರಲಿಲ್ಲ. ಫಲಿತಾಂಶ ಇನ್ನೂ ಬರಬೇಕಿದೆ.